ದೀರ್ಘ

ಹಳೆಯ ಕರೆಂಟು ಬಿಲ್ಲಿನ ಬೆನ್ನ ಮೇಲೆ
ಪೆನ್ಸಿಲ್ಲಿನಲ್ಲಿ ಚೌಕ ಎಳೆದಿದ್ದೇನೆ.
ಎಡಕ್ಕೆ ವಿಂಡೋಸ್ ಏಳು, ಹತ್ತು, ಹನ್ನೊಂದು;
ಎಂಟನ್ನು ಯಾರೂ ಕೇಳುವುದಿಲ್ಲ, ಪಾಪ.
ಮೇಲುಗಡೆ ಕಂಪೈಲರು ಮೂರು:
ಒಂದು ಕಂಪನಿಯ ಮನೆಮಗ,
ಒಂದು ಲಿನಕ್ಸ್ ಸೀಮೆಯಿಂದ ಬಂದು ಇಲ್ಲೇ ಬಿಡಾರ ಹೂಡಿದ್ದು,
ಇನ್ನೊಂದು ಇಬ್ಬರ ಮಾತೂ ಬಲ್ಲೆನೆಂದು ಬೀಗುವುದು.
ಮೂರ್ ಮೂರ್ಲ ಒಂಬತ್ತು.
ಮೂವತ್ತೆರಡು ಬಿಟ್, ಅರವತ್ತನಾಲ್ಕು ಬಿಟ್
ಎಂದು ಸೀಳಿದರೆ ಹದಿನೆಂಟು.
ನನ್ನಲ್ಲಿರುವುದು ತಿಂಗಳಿಗಿಷ್ಟು ನಿಮಿಷವೆಂದು
ಪುಕ್ಕಟೆ ಸಿಗುವ ಎರವಲು ಯಂತ್ರ,
ಮತ್ತು ರಾತ್ರಿ ಹನ್ನೊಂದರ ಮೇಲೆ ಉಳಿಯುವಷ್ಟು ನಾನು.

ಪ್ಯಾಕೇಜು ದೊಡ್ಡದೇನಲ್ಲ.
ದೌಗವಾ ನದಿ ಹೆಪ್ಪುಗಟ್ಟಿದಾಗ
ಗಡ್ಡೆ ಎಷ್ಟು ದಪ್ಪವೆಂದು ಲೆಕ್ಕ ಹಾಕಿ
ಯೇಕಬ್‌ಪಿಲ್ಸ್ ಊರಿನ ಯಾವ ಬೀದಿಗೆ ನೀರು ಏರೀತೆಂದು
ಜನವರಿಯಲ್ಲಿ ಒಂದು ಅಂಕಿ ಉಗುಳುತ್ತದೆ.

ಒಂದೇ ಹಿಟ್ಟು, ಒಲೆ ಬೇರೆ, ರೊಟ್ಟಿಯ ಅಂಚು ಬೇರೆ.
ಒಂದು ಕಂಪೈಲರಿಗೆ ನಲವತ್ತೊಂದು ಸೆಂಟಿಮೀಟರ್,
ಇನ್ನೊಂದಕ್ಕೂ ನಲವತ್ತೊಂದೇ,
ಆದರೆ ದಶಾಂಶದ ಬಾಲದ ತುದಿಯಲ್ಲಿ ಮುನಿಸು.
ನದಿಗೆ ಅದು ಗೊತ್ತಿಲ್ಲ.
ಪರೀಕ್ಷೆಗೆ ಗೊತ್ತು, ಕೆಂಪಾಗುತ್ತದೆ.
ಸಹನೆಯ ಮಿತಿಯನ್ನು ಒಂದು ಸೊನ್ನೆಯಷ್ಟು ಸಡಿಲಿಸಿದೆ,
ಹಸಿರಾಯಿತು.
ಇದನ್ನು ನಾವು ವಿಜ್ಞಾನ ಅನ್ನುತ್ತೇವೆ.

ಹೋದ ವಾರ ಹದಿನೆಂಟೂ ಹಸಿರು.
ಏಳರ ಸಾಲು ಹೊಡೆದುಹಾಕಲು ಪೆನ್ಸಿಲ್ ಎತ್ತಿದ್ದೆ;
ಹೆತ್ತವರೇ ಕೈಬಿಟ್ಟದ್ದನ್ನು ನಾನೆಷ್ಟು ದಿನ ಸಾಕಲಿ?
ಆಗ ಫೋನು. ಓಯಾರ್ಸ್,
ನದಿಯಳತೆಯ ಗೂಡಿನಲ್ಲಿ ಕೂರುವವ,
ಅರವತ್ತೇಳು ವರ್ಷ:
‘ವಿಜ್ಮಾ, ನಿನ್ನದು ನನ್ನಲ್ಲಿ ತೆರೆಯೋದೇ ಇಲ್ಲ.’

ರೀಗಾದಿಂದ ಬಸ್ಸು ಹಿಡಿದು ಹೋದೆ.
ಗೂಡಿನ ಕಿಟಕಿಗೆ ಎರಡು ಗಾಜು, ನಡುವೆ ಹತ್ತಿ.
ಮೇಜಿನ ಮೇಲೆ ಅದೇ ಏಳು,
ಅದರ ಹೊಟ್ಟೆಯಲ್ಲಿ ಸೋನಾರಿನ ಕಾರ್ಡು.
ಮಾಡಿದ ಕಂಪನಿ ಮುಳುಗಿದೆ;
ಡ್ರೈವರ್ ಬರೆದವನು ಈಗ ಜೇನು ಸಾಕುತ್ತಾನಂತೆ.
ಹತ್ತಕ್ಕೆ ಏರಿಸಿದರೆ ನದಿ ಮೂಕ.

ತಪ್ಪು ಹುಡುಕಲು ಕಾಲು ಗಂಟೆಯೂ ಹಿಡಿಯಲಿಲ್ಲ.
ಅದು ಅವನ ಹೆಸರಿನಲ್ಲಿತ್ತು.
ಬಳಕೆದಾರನ ಫೋಲ್ಡರು ಓಯಾರ್ಸ್.
ಹಳೆಯ ರನ್‌ಟೈಮ್ ಆ ದೀರ್ಘವನ್ನು ನುಂಗಿ
ಓಯರ್ಸ್ ಎಂಬ ಇಲ್ಲದ ಮನುಷ್ಯನ ಮನೆ ಹುಡುಕಿಕೊಂಡು ಹೋಗಿ
ಬಾಗಿಲು ತಟ್ಟುತ್ತಿತ್ತು.
ನನ್ನ ಹದಿನೆಂಟು ಚೌಕದಲ್ಲೂ ಬಳಕೆದಾರ ಒಬ್ಬನೇ,
ಹೆಸರು ಟೆಸ್ಟ್.
ಟೆಸ್ಟನಿಗೆ ದೀರ್ಘವಿಲ್ಲ, ಹೆಸರಿಟ್ಟ ಅಜ್ಜಿಯಿಲ್ಲ.

ಓಯಾರ್ಸ್ ನಕ್ಕ.
‘ಸೈನ್ಯದ ಕಾಗದದಲ್ಲೂ ಅದು ಇರಲಿಲ್ಲ.
ರಷ್ಯನ್ ಅಕ್ಷರದಲ್ಲಿ ಬರೆದು ಎರಡು ವರ್ಷ
ಓಯರ್ಸ್, ಓಯರ್ಸ್ ಅಂತಲೇ ಕೂಗಿದರು.
ಓಗೊಟ್ಟೆ.
ಎತ್ತಿ ಬೇರೆ ಕಡೆ ಹಾಕು ಮಾರಾಯ್ತಿ,
ಮಂಜುಗಡ್ಡೆಗೆ ನನ್ನ ಹೆಸರು ಯಾಕೆ?’

ಹಾಕಿದೆ. ಓಡಿತು. ನಲವತ್ತೊಂದು.
ಅವನು ರೈ ರೊಟ್ಟಿ ಕೊಯ್ದ, ಚಹಾ ಸುರಿದ,
ಲೋಟದ ಬಿಸಿಯಲ್ಲಿ ಬೆರಳು ಕಾಯಿಸುತ್ತಾ
ಹೊರಗೆ ನೋಡಿದ. ಬೇರೇನೂ ಹೇಳಲಿಲ್ಲ.

ಹೊಸ ಕಂಪೈಲರು ಹತ್ತರಾಚೆಗೆ
ಹೆಸರನ್ನು ಇದ್ದ ಹಾಗೇ ಓದುತ್ತದೆ, ನಿಜ.
ಆದರೆ ಅವನು ಅಲ್ಲಿಗೆ ಬರಲಾರ,
ನದಿಯನ್ನು ಬಿಟ್ಟು.

ರಾತ್ರಿ ಎರವಲು ಯಂತ್ರದಲ್ಲಿ
ಟೆಸ್ಟನನ್ನು ಅಳಿಸಿ ಓಯಾರ್ಸ್ ಎಂದು ಬರೆದೆ.
ಹನ್ನೆರಡು ಹಸಿರು, ಆರು ಕೆಂಪು.
ಸಡಿಲಿಸೋಣವೆಂದರೆ ಇಲ್ಲಿ ಯಾವ ಸೊನ್ನೆಯೂ ಇಲ್ಲ;
ದೀರ್ಘ ಇದೆ, ಇಲ್ಲವೇ ಇಲ್ಲ.
ಕಡತ ತೆರೆಯುವ ಸಾಲುಗಳನ್ನು
ಅಗಲ ಅಕ್ಷರಕ್ಕೆ ಬದಲಿಸಬೇಕು, ಮುನ್ನೂರ ಹನ್ನೆರಡು ಕಡೆ.
ನಾಲ್ಕು ಮುಗಿದಿದೆ.
ಈ ತಿಂಗಳ ನಿಮಿಷಗಳೂ ಮುಗಿದಿವೆ.

ಒಂದನೇ ತಾರೀಖಿನ ತನಕ
ಆರು ಚೌಕ ಕೆಂಪಾಗಿಯೇ ಇರಲಿ.
ಬಿಲ್ಲಿನ ಬೆನ್ನ ಮೇಲೆ ಏಳರ ಪಕ್ಕ
ಪೆನ್ಸಿಲ್ಲಿನ ಒಂದು ಚುಕ್ಕೆ,
ಹೊಡೆಯಲು ಎತ್ತಿದ್ದ ಕೈ
ಇಟ್ಟುಹೋದದ್ದು.